ಹೆಂಗಸರ ಟೆಸ್ಟೋಸ್ಟೆರಾನ್ ಟೆಸ್ಟ್: ರಕ್ತ ಕೊಡುವ ಮೊದಲು ಏನು, ರಿಪೋರ್ಟ್ ಬಂದ ಮೇಲೆ ಏನು

ಮೊಬೈಲಿಗೆ ರಿಪೋರ್ಟ್ ಬರುತ್ತದೆ. ಟೋಟಲ್ ಟೆಸ್ಟೋಸ್ಟೆರಾನ್ 68, ಪಕ್ಕದಲ್ಲಿ ದಪ್ಪ ಅಕ್ಷರದಲ್ಲಿ 'ಹೈ'. ಡಾಕ್ಟರ್ ಸಿಗುವುದು ಮುಂದಿನ ವಾರ. ಅಲ್ಲಿಯವರೆಗೆ ಆ ಹುಡುಗಿ ಕಂಡ ಕಂಡ ಕಡೆಯೆಲ್ಲ ಓದಿ, ತನಗೆ ಮಕ್ಕಳೇ ಆಗುವುದಿಲ್ಲ ಅನ್ನುವಲ್ಲಿಗೆ ಬಂದು ನಿಂತಿರುತ್ತಾಳೆ. ಆದರೆ ಆ 68ನ್ನು ತಿಂಗಳ ಯಾವ ದಿನ ಅಳೆದರು, ಆಗ ಅವಳು ಯಾವ ಮಾತ್ರೆ ನುಂಗುತ್ತಿದ್ದಳು, ಲ್ಯಾಬಿನವರು ಯಾವ ವಿಧಾನ ಬಳಸಿದರು ಅನ್ನುವುದು ಗೊತ್ತಿಲ್ಲದೆ ಅದಕ್ಕೆ ಅರ್ಥ ಹೇಳುವುದು ಯಾರಿಗೂ ಕಷ್ಟ. ಥೈರಾಯ್ಡ್ ಟೆಸ್ಟ್ ಮಾಡಿಸಿದಷ್ಟು ಸಲೀಸಾಗಿ ಮಾಡಿಸುವ ಟೆಸ್ಟ್ ಇದಲ್ಲ. ಸ್ವಲ್ಪ ತಯಾರಿ ಬೇಕು. ಆ ತಯಾರಿ ಏನು ಅಂತ ಒಂದೊಂದಾಗಿ ಹೇಳುತ್ತೇನೆ.

ಮೊದಲು ಒಂದೆರಡು ವಿಷಯ. ಟೆಸ್ಟೋಸ್ಟೆರಾನ್ ಹೆಂಗಸರ ಮೈಯಲ್ಲೂ ಇರಲೇಬೇಕಾದ ಹಾರ್ಮೋನು. ಸುಮಾರು ಕಾಲು ಭಾಗ ಅಂಡಾಶಯದಲ್ಲಿ ತಯಾರಾಗುತ್ತದೆ, ಕಾಲು ಭಾಗ ಕಿಡ್ನಿಯ ಮೇಲೆ ಕೂತಿರುವ ಅಡ್ರಿನಲ್ ಗ್ರಂಥಿಯಲ್ಲಿ. ಉಳಿದ ಅರ್ಧ ಕೊಬ್ಬು, ಚರ್ಮ ಇಂಥ ಕಡೆಗಳಲ್ಲಿ ಬೇರೆ ಹಾರ್ಮೋನುಗಳಿಂದ ಆಗುತ್ತದೆ. ಪ್ರಮಾಣ ಮಾತ್ರ ತುಂಬಾ ಕಡಿಮೆ. ಗಂಡಸರಲ್ಲಿ ಸುಮಾರು 300ರಿಂದ 1000 ನ್ಯಾನೋಗ್ರಾಂ/ಡೆಸಿಲೀಟರ್ ಇದ್ದರೆ ಹೆಂಗಸರಲ್ಲಿ ಸುಮಾರು 15ರಿಂದ 70. ಈ ಟೆಸ್ಟಿನ ಅರ್ಧ ತಾಪತ್ರಯಕ್ಕೆ ಈ ಕಡಿಮೆ ಪ್ರಮಾಣವೇ ಕಾರಣ. ಅದನ್ನು ಆಮೇಲೆ ಹೇಳುತ್ತೇನೆ.

1. ನಿಮಗೆ ಈ ಟೆಸ್ಟ್ ನಿಜವಾಗಿ ಬೇಕಾ?

ಮುಟ್ಟು ಸರಿಯಾಗಿ ಆಗುತ್ತಿಲ್ಲ, ಗಲ್ಲದ ಮೇಲೆ, ಮೇಲ್ದುಟಿಯ ಮೇಲೆ, ಎದೆಯ ಮೇಲೆ, ಹೊಕ್ಕುಳಿನ ಕೆಳಗೆ ದಪ್ಪ ಕಪ್ಪು ಕೂದಲು ಬರುತ್ತಿದೆ, ಮೊಡವೆ ಯಾವ ಔಷಧಿಗೂ ಬಗ್ಗುತ್ತಿಲ್ಲ, ನೆತ್ತಿಯ ಬೈತಲೆ ಅಗಲವಾಗುತ್ತಾ ಹೋಗುತ್ತಿದೆ. ಹೀಗಿದ್ದಾಗ ಡಾಕ್ಟರ್ ಈ ಟೆಸ್ಟ್ ಬರೆದುಕೊಡುತ್ತಾರೆ. ಹೆಚ್ಚಿನವರಲ್ಲಿ ಹಿಂದಿರುವ ಕಾರಣ ಪಿಸಿಓಎಸ್, ಅಂದರೆ ಹಾರ್ಮೋನ್ ಏರುಪೇರಾಗಿ ಅಂಡಾಶಯದ ಕೆಲಸ ಕೆಡುವ ತೊಂದರೆ. ನಮ್ಮಲ್ಲಿ ಎಲ್ಲರೂ ಪಿಸಿಓಡಿ ಅನ್ನುವುದು ಅದನ್ನೇ.

ಪಿಸಿಓಎಸ್ ಅಂತ ಹೇಳಲು ಎಲ್ಲರಿಗೂ ಟೆಸ್ಟೋಸ್ಟೆರಾನ್ ಅಂಕಿ ಬೇಕೇ ಬೇಕು ಅಂತೇನಿಲ್ಲ. 2023ರಲ್ಲಿ ಬಂದ ಅಂತರರಾಷ್ಟ್ರೀಯ ಮಾರ್ಗಸೂಚಿ ಇದನ್ನು ಬಿಡಿಸಿ ಹೇಳಿದೆ. ಮುಟ್ಟೂ ಏರುಪೇರು, ಮುಖದ ಮೇಲೆ ಕೂದಲೂ ಕಣ್ಣಿಗೆ ಕಾಣುವಂತಿದೆ ಅಂದರೆ, ಥೈರಾಯ್ಡ್, ಪ್ರೊಲ್ಯಾಕ್ಟಿನ್ (ಎದೆಹಾಲು ಬರಿಸುವ ಹಾರ್ಮೋನು) ಥರದ ಬೇರೆ ಕಾರಣ ಇಲ್ಲ ಅಂತ ಖಚಿತ ಮಾಡಿಕೊಂಡರೆ ರೋಗ ಗುರುತಿಸಲು ಸಾಕು. ಮುಟ್ಟು ಏರುಪೇರು ಇದೆ, ಮೈಮೇಲೆ ಯಾವ ಗುರುತೂ ಇಲ್ಲ ಅನ್ನುವವರಿಗೆ ರಕ್ತದಲ್ಲಿ ನೋಡುವುದು ನಿಜಕ್ಕೂ ಉಪಯೋಗಕ್ಕೆ ಬರುತ್ತದೆ.

ಡಾಕ್ಟರ್ ಹತ್ತಿರ ಹೋಗುವ ಮೊದಲು ಒಂದು ಸಣ್ಣ ಕೆಲಸ ಮಾಡಿ. ಎಷ್ಟೋ ಹೆಣ್ಣುಮಕ್ಕಳು ನಾಚಿಕೆಯಿಂದ ಹಿಂದಿನ ದಿನ ಪಾರ್ಲರಿಗೆ ಹೋಗಿ ಥ್ರೆಡಿಂಗ್, ವ್ಯಾಕ್ಸಿಂಗ್ ಎಲ್ಲ ಮುಗಿಸಿ ನುಣ್ಣಗೆ ಬಂದು ಕೂರುತ್ತಾರೆ. ಡಾಕ್ಟರಿಗೆ ಏನೂ ಕಾಣುವುದಿಲ್ಲ. ಮೈಯ ಒಂಬತ್ತು ಜಾಗ ನೋಡಿ, ಕೂದಲು ಎಷ್ಟಿದೆ ಅಂತ ಒಂದೊಂದಕ್ಕೂ ಸೊನ್ನೆಯಿಂದ ನಾಲ್ಕರವರೆಗೆ ಅಂಕ ಕೊಡುವ ಕ್ರಮ ಒಂದಿದೆ, ಫೆರಿಮನ್-ಗಾಲ್ವೇ ಸ್ಕೋರ್ ಅಂತ ಹೆಸರು. ಕೂದಲು ತೆಗೆದುಬಿಟ್ಟರೆ ಅಂಕ ಕೊಡುವುದು ಹೇಗೆ? ಕೆಲವು ವಾರ ಹಾಗೇ ಬಿಡಲು ಆಗದಿದ್ದರೆ, ತೆಗೆಯುವ ಮೊದಲು ಬೆಳಕಿನಲ್ಲಿ ಫೋಟೋ ತೆಗೆದಿಟ್ಟುಕೊಳ್ಳಿ, ಎಷ್ಟು ದಿನಕ್ಕೊಮ್ಮೆ ತೆಗೆಸುತ್ತೀರಿ ಅಂತಲೂ ಹೇಳಿ. ಲ್ಯಾಬ್ ರಿಪೋರ್ಟಿನಷ್ಟೇ ತೂಕ ಇದಕ್ಕೂ ಇದೆ.

ಇನ್ನು ಸುಸ್ತು, ಆಸಕ್ತಿ ಇಲ್ಲ, 'ಟೆಸ್ಟೋಸ್ಟೆರಾನ್ ಕಮ್ಮಿ ಇರಬಹುದಾ' ಅಂತ ಮಾಡಿಸುವವರು. ಹೆಂಗಸರಲ್ಲಿ ಇಷ್ಟಕ್ಕಿಂತ ಕಡಿಮೆ ಇದ್ದರೆ ರೋಗ ಅಂತ ಹೇಳುವ ಗೆರೆ ಇಲ್ಲವೇ ಇಲ್ಲ. 2019ರಲ್ಲಿ ಹಲವು ದೇಶಗಳ ವೈದ್ಯರ ಸಂಘಗಳು ಸೇರಿ ಇದನ್ನೇ ಹೇಳಿವೆ: ಹೆಂಗಸರಿಗೆ ಟೆಸ್ಟೋಸ್ಟೆರಾನ್ ಕೊಡಲು ಪುರಾವೆ ಇರುವುದು ಒಂದೇ ಕಾರಣಕ್ಕೆ, ಮುಟ್ಟು ನಿಂತ ಮೇಲೆ ಲೈಂಗಿಕ ಆಸೆ ಕುಗ್ಗಿ ಅದರಿಂದ ಮನಸ್ಸಿಗೆ ಕಷ್ಟವಾಗುತ್ತಿದ್ದರೆ. ಅದನ್ನೂ ಗುರುತಿಸುವುದು ಮಾತಾಡಿ, ಕೇಳಿ. ರಕ್ತದ ಅಂಕಿಯಿಂದ ಗುರುತಿಸಲು ಆಗುವುದಿಲ್ಲ. ಔಷಧಿ ಶುರು ಮಾಡುವ ಮೊದಲು, ಆಮೇಲೆ ಪ್ರಮಾಣ ಮೀರುತ್ತಿಲ್ಲವಾ ಅಂತ ನೋಡಲು ಟೆಸ್ಟ್ ಮಾಡುತ್ತಾರೆ ಅಷ್ಟೆ. ಬರೀ ಸುಸ್ತು ಅಂತಿದ್ದರೆ ಸುಮ್ನೆ ದುಡ್ಡು ಹಾಕಬೇಡಿ, ಮೊದಲು ಹಿಮೋಗ್ಲೋಬಿನ್ ನೋಡಿಸಿ.

2. ನುಂಗುತ್ತಿರುವ ಮಾತ್ರೆಗಳನ್ನೆಲ್ಲ ಒಮ್ಮೆ ಮೇಜಿನ ಮೇಲಿಡಿ

ನನ್ನ ಪ್ರಕಾರ ಎಲ್ಲಕ್ಕಿಂತ ಮುಖ್ಯವಾದ ಹೆಜ್ಜೆ ಇದು. ಜನ ಹೆಚ್ಚಾಗಿ ಬಿಟ್ಟುಬಿಡುವುದೂ ಇದನ್ನೇ.

ಗರ್ಭನಿರೋಧಕ ಮಾತ್ರೆ ತೆಗೆದುಕೊಳ್ಳುತ್ತಿದ್ದರೆ ಟೆಸ್ಟೋಸ್ಟೆರಾನ್ ನೋಡಿ ಹೆಚ್ಚು ಪ್ರಯೋಜನ ಇಲ್ಲ. ಅದು ಅಂಡಾಶಯದ ಕೆಲಸವನ್ನೇ ತಗ್ಗಿಸುತ್ತದೆ, ಜೊತೆಗೆ ರಕ್ತದಲ್ಲಿ ಟೆಸ್ಟೋಸ್ಟೆರಾನನ್ನು ಹಿಡಿದಿಡುವ ಪ್ರೋಟೀನನ್ನು ಏರಿಸುತ್ತದೆ. ರಿಪೋರ್ಟ್ ಚೆನ್ನಾಗಿ ಬರುತ್ತದೆ, ರೋಗ ಅಡಗಿ ಕೂರುತ್ತದೆ. ಕನಿಷ್ಠ ಮೂರು ತಿಂಗಳು ಬಿಟ್ಟು ಟೆಸ್ಟ್ ಮಾಡಿಸಬೇಕು ಅಂತ ಮಾರ್ಗಸೂಚಿ ಹೇಳುತ್ತದೆ. ಆದರೆ ನೀವೇ ತೀರ್ಮಾನ ಮಾಡಿ ಮಾತ್ರೆ ನಿಲ್ಲಿಸಬೇಡಿ. ಡಾಕ್ಟರನ್ನು ಕೇಳಿ, ಆ ಮೂರು ತಿಂಗಳಿಗೆ ಬೇರೆ ಗರ್ಭನಿರೋಧಕ ವ್ಯವಸ್ಥೆ ಮಾಡಿಕೊಂಡೇ ನಿಲ್ಲಿಸಿ. ಪಿಸಿಓಎಸ್ ಇರುವವರಿಗೆ ಬಸಿರಾಗುವುದೇ ಇಲ್ಲ ಅನ್ನುವುದು ಸುಳ್ಳು.

ಮುಟ್ಟು ಮುಂದೂಡುವ ಮಾತ್ರೆ. ಹಬ್ಬ, ಮದುವೆ, ಧರ್ಮಸ್ಥಳಕ್ಕೆ ಹೋಗುವುದಿದೆ ಅಂತ ಮೆಡಿಕಲ್ ಶಾಪಿನಲ್ಲಿ ಚೀಟಿಯೂ ಇಲ್ಲದೆ ತಂದು ನುಂಗುತ್ತೇವಲ್ಲ, ಅದೇ. ಅದರಲ್ಲಿರುವುದು ಸಾಮಾನ್ಯವಾಗಿ ನಾರ್‌ಎಥಿಸ್ಟಿರೋನ್. ಅದರ ರಚನೆ ಟೆಸ್ಟೋಸ್ಟೆರಾನ್‌ಗೆ ಎಷ್ಟು ಹತ್ತಿರ ಅಂದರೆ ಕೆಲವು ಲ್ಯಾಬ್ ಮಷಿನ್‌ಗಳು ಅದನ್ನೇ ಟೆಸ್ಟೋಸ್ಟೆರಾನ್ ಅಂತ ಲೆಕ್ಕಕ್ಕೆ ಹಿಡಿದು ಅಂಕಿಯನ್ನು ಏರಿಸಿಬಿಡುತ್ತವೆ. ಇದನ್ನು ಯಾರೂ ಔಷಧಿ ಅಂತ ಎಣಿಸುವುದೇ ಇಲ್ಲ, ಹಾಗಾಗಿ ಡಾಕ್ಟರಿಗೆ ಹೇಳುವುದೂ ಇಲ್ಲ. ದಯವಿಟ್ಟು ಹೇಳಿ.

ಮೂರನೆಯದು ಕೂದಲಿನ ವಿಟಮಿನ್. ಪಿಸಿಓಎಸ್ ಇರುವವರಿಗೆ ತಲೆಕೂದಲು ಉದುರುತ್ತದೆ, ಉದುರುತ್ತದೆ ಅಂತ ಬಯೋಟಿನ್ ನುಂಗುತ್ತಾರೆ. ಸ್ಟ್ರಿಪ್ಪಿನ ಹಿಂಬದಿ ತಿರುಗಿಸಿ ನೋಡಿ. 5 ಮಿಲಿಗ್ರಾಂ, 10 ಮಿಲಿಗ್ರಾಂ ಅಂತ ಇರುತ್ತದೆ. ಮೈಗೆ ದಿನಕ್ಕೆ ಬೇಕಾಗಿರುವುದು ಸುಮಾರು 30 ಮೈಕ್ರೋಗ್ರಾಂ ಮಾತ್ರ, ಅಂದರೆ 10 ಮಿಲಿಗ್ರಾಂ ಮಾತ್ರೆಯಲ್ಲಿ ಅದರ ಮುನ್ನೂರು ಪಟ್ಟಿಗೂ ಜಾಸ್ತಿ. ಎಷ್ಟೋ ಲ್ಯಾಬ್ ಮಷಿನ್‌ಗಳು ಹಾರ್ಮೋನ್ ಅಳೆಯಲು ಬಯೋಟಿನ್ನನ್ನೇ ಕೊಂಡಿಯಾಗಿ ಬಳಸುತ್ತವೆ. ರಕ್ತದಲ್ಲೇ ಬಯೋಟಿನ್ ತುಂಬಿಕೊಂಡಿದ್ದರೆ ಮಷಿನ್ನಿನ ಕೊಂಡಿಗಳು ಅದಕ್ಕೇ ಖರ್ಚಾಗುತ್ತವೆ, ಸಿಗ್ನಲ್ ಕಡಿಮೆಯಾಗುತ್ತದೆ. ಟೆಸ್ಟೋಸ್ಟೆರಾನ್ ಟೆಸ್ಟಿನಲ್ಲಿ ಸಿಗ್ನಲ್ ಕಡಿಮೆ ಅಂದರೆ ಹಾರ್ಮೋನ್ ಜಾಸ್ತಿ ಅಂತ ಅರ್ಥ, ಹಾಗಾಗಿ ಇಲ್ಲದ 'ಹೈ' ಬರುತ್ತದೆ. ಅದೇ ರಕ್ತದಲ್ಲಿ ಥೈರಾಯ್ಡ್ ಟೆಸ್ಟಿನ ಟಿಎಸ್‌ಎಚ್ ಸುಳ್ಳೇ ಕಡಿಮೆ ತೋರಿಸಬಹುದು. ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ 2017ರಲ್ಲಿ, ಮತ್ತೆ 2019ರಲ್ಲಿ ಬಯೋಟಿನ್ ಬಗ್ಗೆ ಎಚ್ಚರಿಕೆ ಕೊಟ್ಟಿದೆ. ರಕ್ತ ಕೊಡುವ ಮೊದಲು ಎರಡು-ಮೂರು ದಿನ ಬಯೋಟಿನ್ ನಿಲ್ಲಿಸಿದರೆ ಸಾಮಾನ್ಯವಾಗಿ ಸಾಕು. ತುಂಬಾ ದೊಡ್ಡ ಡೋಸ್ ತೆಗೆದುಕೊಳ್ಳುವವರು, ಕಿಡ್ನಿ ತೊಂದರೆ ಇರುವವರು ಇನ್ನೂ ಕೆಲವು ದಿನ ಮುಂಚೆ ನಿಲ್ಲಿಸಬೇಕಾಗಬಹುದು, ಲ್ಯಾಬಿನವರನ್ನೇ ಕೇಳಿ.

ಇವಲ್ಲದೆ ಪಿಟ್ಸ್‌ಗೆ ಕೊಡುವ ವಾಲ್ಪ್ರೋಯೇಟ್, ಉಬ್ಬಸಕ್ಕೆ ಅಥವಾ ಕೀಲುನೋವಿಗೆ ಕೊಡುವ ಸ್ಟೀರಾಯ್ಡ್ ಮಾತ್ರೆ, ಜಿಮ್ಮಿನಲ್ಲಿ ಯಾರೋ ಕೊಟ್ಟ ಪುಡಿ, ಇಂಜೆಕ್ಷನ್, ಎಲ್ಲವೂ ಈ ಅಂಕಿಯನ್ನು ಮೇಲೆ ಕೆಳಗೆ ಮಾಡಬಲ್ಲವು. ಪಿಟ್ಸ್ ಮಾತ್ರೆ, ಸ್ಟೀರಾಯ್ಡ್ ಮಾತ್ರೆ ಇವನ್ನು ಟೆಸ್ಟಿಗೋಸ್ಕರ ನೀವಾಗಿ ನಿಲ್ಲಿಸಲೇಬಾರದು, ಅಪಾಯ. ಚೀಟಿಯಲ್ಲಿ ಬರೆದುಕೊಂಡು ಹೋದರೆ ಸಾಕು. ಮನೆಯಲ್ಲಿ ಗಂಡ ಟೆಸ್ಟೋಸ್ಟೆರಾನ್ ಜೆಲ್ ಹಚ್ಚಿಕೊಳ್ಳುತ್ತಿದ್ದರೆ ಅದನ್ನೂ ಹೇಳಿ. ಚರ್ಮ ತಾಗಿದರೆ ಅದು ಹೆಂಡತಿಗೂ ಮಕ್ಕಳಿಗೂ ಅಂಟುತ್ತದೆ.

3. ದಿನ ಮತ್ತು ಹೊತ್ತು

ಮುಟ್ಟು ತಿಂಗಳು ತಿಂಗಳು ಆಗುವವರಾದರೆ ಎರಡನೇ ದಿನದಿಂದ ಐದನೇ ದಿನದೊಳಗೆ, ಬೆಳಿಗ್ಗೆ ಎಂಟರಿಂದ ಹತ್ತರೊಳಗೆ ರಕ್ತ ಕೊಡಿ. ರಕ್ತಸ್ರಾವ ಶುರುವಾದ ದಿನವೇ ಒಂದನೇ ದಿನ. ಟೆಸ್ಟೋಸ್ಟೆರಾನ್ ಬೆಳಿಗ್ಗೆ ಜಾಸ್ತಿ ಇರುತ್ತದೆ, ತಿಂಗಳ ನಡುವೆ ಸ್ವಲ್ಪ ಏರುತ್ತದೆ. ಅದಕ್ಕೇ ಈ ಲೆಕ್ಕ. ಜೊತೆಗೆ 17-ಓಎಚ್‌ಪಿ ಅಂತ ಇನ್ನೊಂದು ಹಾರ್ಮೋನಿನ ಟೆಸ್ಟ್ (ಹುಟ್ಟಿನಿಂದ ಬರುವ ಅಡ್ರಿನಲ್ ತೊಂದರೆ ಇದೆಯಾ ಅಂತ ನೋಡಲು) ಬರೆದಿದ್ದರಂತೂ ದಿನ ತಪ್ಪಿಸಲೇಬೇಡಿ. ಅಂಡ ಬಿಡುಗಡೆಯಾದ ಮೇಲೆ ಅಂಡಾಶಯವೇ ಅದನ್ನು ತಯಾರಿಸುತ್ತದೆ. ಇಪ್ಪತ್ತನೇ ದಿನ ಹೋಗಿ ರಕ್ತ ಕೊಟ್ಟರೆ, ಇಲ್ಲದ ಅಡ್ರಿನಲ್ ಕಾಯಿಲೆ ಇದ್ದ ಹಾಗೆ ಕಾಣುತ್ತದೆ.

ಮೂರು-ನಾಲ್ಕು ತಿಂಗಳಿಗೊಮ್ಮೆ ಮುಟ್ಟಾಗುವವರು ಏನು ಮಾಡಬೇಕು? ಕಾಯುತ್ತಾ ಕೂರಬೇಕಿಲ್ಲ. ಮೊದಲು ಬಸಿರಿಲ್ಲ ಅಂತ ಖಚಿತ ಮಾಡಿಕೊಳ್ಳಿ, ಬಸಿರಲ್ಲಿ ಟೆಸ್ಟೋಸ್ಟೆರಾನ್ ತಾನಾಗಿಯೇ ಏರುತ್ತದೆ. ಆಮೇಲೆ ಯಾವ ದಿನ ಬೇಕಾದರೂ ಬೆಳಿಗ್ಗೆ ಕೊಡಬಹುದು, ಕೊನೆಯ ಮುಟ್ಟಿನ ತಾರೀಕು ಮಾತ್ರ ಫಾರ್ಮಿನಲ್ಲಿ ಬರೆಸಿ. ಕೆಲವು ಡಾಕ್ಟರುಗಳು ಮಾತ್ರೆ ಕೊಟ್ಟು ಮುಟ್ಟು ಬರಿಸಿ ಆಮೇಲೆ ಟೆಸ್ಟ್ ಮಾಡಿಸುತ್ತಾರೆ, ಅದು ಅವರ ತೀರ್ಮಾನ.

ಖಾಲಿ ಹೊಟ್ಟೆ? ಟೆಸ್ಟೋಸ್ಟೆರಾನ್ ಒಂದಕ್ಕೇ ಆದರೆ ಹೆಂಗಸರಿಗೆ ಕಡ್ಡಾಯ ಅಲ್ಲ. ಆದರೆ ಜೊತೆಗೆ ಸಕ್ಕರೆ, ಕೊಲೆಸ್ಟ್ರಾಲ್ ಇದ್ದೇ ಇರುತ್ತದೆ, ಹಾಗಾಗಿ ಕಾಫಿ ಕುಡಿಯದೆ ಹೋಗಿ. ನೀರು ಕುಡಿಯಬಹುದು.

4. ಲ್ಯಾಬಿನಲ್ಲಿ ಏನು ಕೇಳಬೇಕು

'ಪಿಸಿಓಡಿ ಪ್ರೊಫೈಲ್' ಅಂತ ಒಂದು ಪ್ಯಾಕೇಜ್ ತೋರಿಸುತ್ತಾರೆ. ಹತ್ತಾರು ಟೆಸ್ಟ್ ಇರುತ್ತದೆ. ದುಡ್ಡು ಕಟ್ಟುವ ಮೊದಲು ಪಟ್ಟಿಯಲ್ಲಿ ಎಸ್‌ಎಚ್‌ಬಿಜಿ ಇದೆಯಾ ಅಂತ ನೋಡಿ. ಎಷ್ಟೋ ಪ್ಯಾಕೇಜಿನಲ್ಲಿ ಅದೇ ಇರುವುದಿಲ್ಲ. ಈಗ ಹೇಳಿದೆನಲ್ಲ, ಟೆಸ್ಟೋಸ್ಟೆರಾನನ್ನು ಹಿಡಿದಿಡುವ ಪ್ರೋಟೀನು, ಅದರ ಹೆಸರೇ ಎಸ್‌ಎಚ್‌ಬಿಜಿ. ರಕ್ತದಲ್ಲಿರುವ ಟೆಸ್ಟೋಸ್ಟೆರಾನಿನಲ್ಲಿ ಹೆಚ್ಚಿನ ಪಾಲು ಇದಕ್ಕೆ ಗಟ್ಟಿಯಾಗಿ, ಉಳಿದದ್ದು ಆಲ್ಬುಮಿನ್ ಅನ್ನುವ ಪ್ರೋಟೀನಿಗೆ ಸಡಿಲವಾಗಿ ಅಂಟಿಕೊಂಡಿರುತ್ತದೆ. ಪೂರ್ತಿ ಬಿಡಿಯಾಗಿ ಓಡಾಡುವುದು ನೂರಕ್ಕೆ ಒಂದೆರಡು ಭಾಗ, ಅದೇ 'ಫ್ರೀ ಟೆಸ್ಟೋಸ್ಟೆರಾನ್'. ಕೂದಲು, ಮೊಡವೆ ಇವೆಲ್ಲ ಬರುವುದು ಹೀಗೆ ಬಿಡಿಯಾಗಿರುವುದರಿಂದ.

ಹಾಗಾದರೆ ಫ್ರೀ ಟೆಸ್ಟೋಸ್ಟೆರಾನ್ ಟೆಸ್ಟನ್ನೇ ಮಾಡಿಸಿದರೆ ಆಯಿತಲ್ವಾ? ಇಲ್ಲೇ ಎಡವಟ್ಟು. ಸಾಮಾನ್ಯ ಲ್ಯಾಬುಗಳಲ್ಲಿ ಸಿಗುವ 'ಡೈರೆಕ್ಟ್' ಫ್ರೀ ಟೆಸ್ಟೋಸ್ಟೆರಾನ್ ಟೆಸ್ಟ್ ನಂಬುವಂಥದ್ದಲ್ಲ, ಅದನ್ನು ಬಳಸಬೇಡಿ ಅಂತ ಮಾರ್ಗಸೂಚಿಗಳೇ ಹೇಳುತ್ತವೆ. ನಂಬಬಹುದಾದ ದಾರಿ ಎರಡು. ಒಂದು ಈಕ್ವಿಲಿಬ್ರಿಯಂ ಡಯಾಲಿಸಿಸ್, ಬಿಡಿಯಾಗಿರುವ ಹಾರ್ಮೋನನ್ನು ತೆಳು ಪೊರೆಯ ಮೂಲಕ ಬೇರೆ ಮಾಡಿ ಅಳೆಯುವ ವಿಧಾನ, ಅದು ಎಲ್ಲ ಕಡೆ ಸಿಗುವುದಿಲ್ಲ. ಇನ್ನೊಂದು, ಟೋಟಲ್ ಟೆಸ್ಟೋಸ್ಟೆರಾನ್ ಮತ್ತು ಎಸ್‌ಎಚ್‌ಬಿಜಿ ಎರಡನ್ನೂ ಅಳೆದು ಲೆಕ್ಕ ಹಾಕುವುದು. ಎರಡನೆಯದು ಹಾಸನದಲ್ಲೂ ಆಗುತ್ತದೆ, ಶಿರಸಿಯಲ್ಲೂ ಆಗುತ್ತದೆ. ಸ್ಯಾಂಪಲ್ ದೊಡ್ಡ ಊರಿಗೆ ಹೋಗಿ ಬಂದರೂ ಪರವಾಗಿಲ್ಲ.

ಕೇಳಬೇಕಾದ ಎರಡನೇ ಪ್ರಶ್ನೆ, ಯಾವ ವಿಧಾನದಲ್ಲಿ ಅಳೆಯುತ್ತೀರಿ ಅಂತ. ಹೆಚ್ಚಿನ ಲ್ಯಾಬುಗಳದು ಸಿಎಲ್‌ಐಎ ಅಥವಾ ಇಸಿಎಲ್‌ಐಎ, ಇವು ಇಮ್ಯುನೋಅಸ್ಸೇ ಜಾತಿಯವು, ಅಂದರೆ ಹಾರ್ಮೋನಿಗೆ ಅಂಟುವ ಆಂಟಿಬಾಡಿ ಬಳಸಿ ಅಳೆಯುವಂಥವು. ಬೇಗ ಆಗುತ್ತದೆ, ಖರ್ಚು ಕಡಿಮೆ, ಗಂಡಸರ ಮಟ್ಟಕ್ಕೆ ಚೆನ್ನಾಗಿಯೇ ಕೆಲಸ ಮಾಡುತ್ತವೆ. ಹೆಂಗಸರ ಮಟ್ಟಕ್ಕೆ ಬಂದರೆ ಅಕ್ಕಿ ಮೂಟೆ ತೂಗುವ ತಕ್ಕಡಿಯಲ್ಲಿ ಮೂಗುಬೊಟ್ಟು ತೂಗಿದ ಹಾಗೆ. ಅಮೆರಿಕದ ಹಾರ್ಮೋನ್ ತಜ್ಞರ ಸಂಘ ಎಂಡೋಕ್ರೈನ್ ಸೊಸೈಟಿ 2007ರಲ್ಲೇ ಈ ಮಿತಿಯ ಬಗ್ಗೆ ಬರೆದಿತ್ತು. ಸರಿಯಾದ ವಿಧಾನ ಎಲ್‌ಸಿ-ಎಂಎಸ್/ಎಂಎಸ್. ಅದರಲ್ಲಿ ಹಾರ್ಮೋನನ್ನು ಬೇರೆ ಮಾಡಿ, ಅದರ ಅಣುವಿನ ತೂಕದಿಂದಲೇ ಗುರುತು ಹಿಡಿಯುತ್ತಾರೆ, ಹಾಗಾಗಿ ಬಯೋಟಿನ್ ಅಡ್ಡ ಬರುವುದಿಲ್ಲ. ಖರ್ಚು ಜಾಸ್ತಿ, ರಿಪೋರ್ಟ್ ಬರಲು ದಿನಗಳಾಗಬಹುದು. ಎಲ್ಲರಿಗೂ ಅದೇ ಬೇಕು ಅಂತ ನಾನು ಹೇಳುವುದಿಲ್ಲ. ಸಾಮಾನ್ಯ ವಿಧಾನದಲ್ಲಿ ಬಂದ ಅಂಕಿ ನಿಮ್ಮ ಲಕ್ಷಣಗಳಿಗೆ ಹೊಂದುತ್ತಿಲ್ಲ, ಮೈಯಲ್ಲಿ ಏನೂ ಇಲ್ಲದೆ ಅಂಕಿ ಆಕಾಶಕ್ಕೇರಿದೆ ಅಂತಾದರೆ ಆಗ ಇದರಲ್ಲಿ ಇನ್ನೊಮ್ಮೆ ನೋಡಿಸಿ, ಆಮೇಲೆ ಸ್ಕ್ಯಾನಿಂಗು ಅದು ಇದು ಅಂತ ಓಡಿ.

ಎನ್‌ಎಬಿಎಲ್ ಮಾನ್ಯತೆ ಇರುವ ಲ್ಯಾಬ್ ಆದರೆ ಒಳ್ಳೆಯದು. ಮತ್ತೆ ಮಾಡಿಸುವುದಿದ್ದರೆ ಅದೇ ಲ್ಯಾಬಿನಲ್ಲಿ, ಅದೇ ವಿಧಾನದಲ್ಲಿ ಮಾಡಿಸಿ. ಎರಡು ಬೇರೆ ಲ್ಯಾಬಿನ ಅಂಕಿಗಳನ್ನು ಅಕ್ಕಪಕ್ಕ ಇಟ್ಟು ಏರಿತು, ಇಳಿಯಿತು ಅನ್ನಲು ಬರುವುದಿಲ್ಲ.

5. ರಿಪೋರ್ಟ್ ಕೈಗೆ ಬಂದ ಮೇಲೆ

ಮೊದಲು ಯೂನಿಟ್ ನೋಡಿ. 68 ನ್ಯಾನೋಗ್ರಾಂ/ಡೆಸಿಲೀಟರ್, 0.68 ನ್ಯಾನೋಗ್ರಾಂ/ಮಿಲಿಲೀಟರ್, 2.36 ನ್ಯಾನೋಮೋಲ್/ಲೀಟರ್, ಮೂರೂ ಒಂದೇ. ಆಮೇಲೆ ಆ ಲ್ಯಾಬಿನ ಮಿತಿ ನೋಡಿ. ಒಂದು ಲ್ಯಾಬಿನ ಮೇಲಿನ ಗೆರೆ 48 ಇದ್ದರೆ ಇನ್ನೊಂದರದು 70 ಇರಬಹುದು. ಅದೇ 68 ಇಲ್ಲಿ 'ಹೈ', ಅಲ್ಲಿ ನಾರ್ಮಲ್. ಗೆಳತಿಯ ರಿಪೋರ್ಟಿಗೆ ಹೋಲಿಸಬೇಡಿ ಅನ್ನುವುದು ಇದಕ್ಕೇ.

ಈಗ ಆ ಲೆಕ್ಕ. ಫ್ರೀ ಆಂಡ್ರೋಜೆನ್ ಇಂಡೆಕ್ಸ್ ಅನ್ನುತ್ತಾರೆ, ಪೆನ್ನು ಹಿಡಿದು ನೀವೇ ಮಾಡಬಹುದು. ಟೋಟಲ್ ಟೆಸ್ಟೋಸ್ಟೆರಾನ್ 45 ನ್ಯಾನೋಗ್ರಾಂ/ಡೆಸಿಲೀಟರ್ ಅಂತ ಇಟ್ಟುಕೊಳ್ಳಿ. 28.8ರಿಂದ ಭಾಗಿಸಿದರೆ 1.56 ನ್ಯಾನೋಮೋಲ್/ಲೀಟರ್ ಆಯಿತು. ಎಸ್‌ಎಚ್‌ಬಿಜಿ 70 ನ್ಯಾನೋಮೋಲ್/ಲೀಟರ್ ಇದ್ದರೆ, 1.56ನ್ನು 70ರಿಂದ ಭಾಗಿಸಿ ನೂರರಿಂದ ಗುಣಿಸಿದರೆ 2.2. ಅದೇ 45 ಟೆಸ್ಟೋಸ್ಟೆರಾನ್, ಆದರೆ ಎಸ್‌ಎಚ್‌ಬಿಜಿ 20 ಮಾತ್ರ ಇದ್ದರೆ 7.8. ಸಾಮಾನ್ಯವಾಗಿ 5ರ ಆಸುಪಾಸಿಗಿಂತ ಮೇಲೆ ಹೋದರೆ ಜಾಸ್ತಿ ಅಂತ ತಿಳಿಯುತ್ತಾರೆ, ಲ್ಯಾಬಿನಿಂದ ಲ್ಯಾಬಿಗೆ ಸ್ವಲ್ಪ ವ್ಯತ್ಯಾಸ ಇದ್ದೇ ಇದೆ. ನೋಡಿ, ಇಬ್ಬರ ಟೋಟಲ್ ಅಂಕಿಯೂ ಒಂದೇ, ಇಬ್ಬರಿಗೂ ರಿಪೋರ್ಟಿನಲ್ಲಿ 'ನಾರ್ಮಲ್' ಅಂತ ಬಂದಿರುತ್ತದೆ. ಒಬ್ಬಳಿಗೆ ಏನೂ ಇಲ್ಲ, ಇನ್ನೊಬ್ಬಳು ಗಲ್ಲದ ಕೂದಲು ಕೀಳುತ್ತಾ 'ರಿಪೋರ್ಟ್ ಸರಿ ಇದೆಯಲ್ಲ, ಎಲ್ಲ ನಿನ್ನ ಭ್ರಮೆ' ಅಂತ ಮನೆಯವರ ಕೈಲಿ ಅನ್ನಿಸಿಕೊಳ್ಳುತ್ತಿರುತ್ತಾಳೆ. ಅವಳದು ಭ್ರಮೆ ಅಲ್ಲ.

ಎಸ್‌ಎಚ್‌ಬಿಜಿ ಕಡಿಮೆಯಾಗುವುದು ಯಾಕೆ? ಮುಖ್ಯ ಕಾರಣ ಇನ್ಸುಲಿನ್. ಮೈ ಇನ್ಸುಲಿನ್ ಮಾತು ಕೇಳದೆ ಇದ್ದಾಗ ರಕ್ತದಲ್ಲಿ ಇನ್ಸುಲಿನ್ ಏರುತ್ತದೆ, ಅದು ಲಿವರಿಗೆ ಎಸ್‌ಎಚ್‌ಬಿಜಿ ಮಾಡಲು ಬಿಡುವುದಿಲ್ಲ, ಜೊತೆಗೆ ಅಂಡಾಶಯಕ್ಕೆ ಇನ್ನಷ್ಟು ಟೆಸ್ಟೋಸ್ಟೆರಾನ್ ಮಾಡು ಅನ್ನುತ್ತದೆ. ಥೈರಾಯ್ಡ್ ಕಡಿಮೆ ಇದ್ದರೂ ಎಸ್‌ಎಚ್‌ಬಿಜಿ ಇಳಿಯುತ್ತದೆ. ಹಾಗಾಗಿ ಕಡಿಮೆ ಎಸ್‌ಎಚ್‌ಬಿಜಿ ಕಂಡರೆ ಸಕ್ಕರೆ ಟೆಸ್ಟ್ ಮುಂದೂಡಬೇಡಿ. 75 ಗ್ರಾಂ ಗ್ಲೂಕೋಸ್ ಕುಡಿಸಿ ಎರಡು ಗಂಟೆ ಆದ ಮೇಲೆ ನೋಡುವ ಟೆಸ್ಟ್ ಪಿಸಿಓಎಸ್‌ನಲ್ಲಿ ಎಲ್ಲಕ್ಕಿಂತ ಒಳ್ಳೆಯದು, ಬರೀ ಫಾಸ್ಟಿಂಗ್ ಸಕ್ಕರೆ ಎಷ್ಟೋ ಸಲ ವಿಷಯ ಮುಚ್ಚಿಡುತ್ತದೆ.

17-ಓಎಚ್‌ಪಿ 200 ನ್ಯಾನೋಗ್ರಾಂ/ಡೆಸಿಲೀಟರ್‌ಗಿಂತ ಕಡಿಮೆ ಇದ್ದರೆ ಹುಟ್ಟಿನಿಂದ ಬರುವ ಅಡ್ರಿನಲ್ ತೊಂದರೆಯ ಚಿಂತೆ ಹೆಚ್ಚುಕಡಿಮೆ ಬಿಡಬಹುದು. ಅದಕ್ಕಿಂತ ಜಾಸ್ತಿ ಇದ್ದರೆ ಇಂಜೆಕ್ಷನ್ ಕೊಟ್ಟು ನೋಡುವ ಇನ್ನೊಂದು ಟೆಸ್ಟ್ ಇದೆ. ಅಂಡಾಶಯವನ್ನು ನಡೆಸುವ ಎಲ್‌ಎಚ್, ಎಫ್‌ಎಸ್‌ಎಚ್ ಹಾರ್ಮೋನುಗಳ ಅನುಪಾತ ನೋಡಿ ಪಿಸಿಓಎಸ್ ಅನ್ನುವ ಹಳೆಯ ಅಭ್ಯಾಸ ಇನ್ನೂ ಇದೆ, ಈಗಿನ ಮಾನದಂಡದಲ್ಲಿ ಅದಕ್ಕೆ ಜಾಗವಿಲ್ಲ.

6. ಯಾವಾಗ ಒಂದು ದಿನವೂ ಕಾಯಬಾರದು

ಪಿಸಿಓಎಸ್‌ನಲ್ಲಿ ಟೆಸ್ಟೋಸ್ಟೆರಾನ್ ಏರುವುದು ಸ್ವಲ್ಪ. ಟೋಟಲ್ 150, 200 ನ್ಯಾನೋಗ್ರಾಂ/ಡೆಸಿಲೀಟರ್ ದಾಟಿದ್ದರೆ, ಅಥವಾ ಅಡ್ರಿನಲ್ ಗ್ರಂಥಿಯ ಹಾರ್ಮೋನಾದ ಡಿಎಚ್‌ಇಎಎಸ್ 700 ಮೈಕ್ರೋಗ್ರಾಂ/ಡೆಸಿಲೀಟರ್ ಮೀರಿದ್ದರೆ, ಅಂಡಾಶಯದಲ್ಲೋ ಅಡ್ರಿನಲ್‌ನಲ್ಲೋ ಗೆಡ್ಡೆ ಇದೆಯಾ ಅಂತ ಸ್ಕ್ಯಾನ್ ಮಾಡಿ ನೋಡಲೇಬೇಕು. ಗೆಡ್ಡೆ ಅಪರೂಪ. ಆದರೂ ನೋಡಬೇಕು.

ಅಂಕಿಗಿಂತ ಮೈ ಹೇಳುವುದು ಇನ್ನೂ ಮುಖ್ಯ. ಕೆಲವೇ ತಿಂಗಳಲ್ಲಿ ಕೂದಲು ದಿಢೀರ್ ಅಂತ ಬೆಳೆಯಿತು, ದನಿ ಗಡುಸಾಯಿತು, ಹಣೆಯ ಎರಡೂ ಬದಿ ಕೂದಲು ಹಿಂದಕ್ಕೆ ಸರಿಯಿತು, ಯೋನಿಯ ಮೇಲಿನ ಚಂದ್ರನಾಡಿ ದಪ್ಪವಾಯಿತು ಅಂದರೆ ಮುಟ್ಟಿನ ಎರಡನೇ ದಿನಕ್ಕೆಲ್ಲ ಕಾಯಬೇಡಿ, ನಾಳೆಯೇ ಹೋಗಿ. ಮುಟ್ಟು ನಿಂತು ವರ್ಷಗಳಾದ ಮೇಲೆ ಅಮ್ಮನಿಗೋ ಅತ್ತೆಗೋ ಹೊಸದಾಗಿ ಗಡ್ಡದ ಕೂದಲು ಜಾಸ್ತಿ ಬರುತ್ತಿದ್ದರೆ ವಯಸ್ಸಾಯಿತು ಬಿಡಿ ಅಂತ ಸುಮ್ಮನಾಗಬೇಡಿ, ಅದನ್ನೂ ತೋರಿಸಿ. ಲೇಡಿ ಡಾಕ್ಟರ್ ಹತ್ತಿರ ಹೋದರೂ ಸರಿ, ಎಂಡೋಕ್ರೈನಾಲಜಿಸ್ಟ್ ಅಂದರೆ ಹಾರ್ಮೋನ್ ತಜ್ಞರ ಹತ್ತಿರ ಹೋದರೂ ಸರಿ.

7. ಮಗಳಿಗೆ ಮಾಡಿಸುವುದಾದರೆ

ಹದಿಮೂರು ವರ್ಷದ ಮಗಳಿಗೆ ಮೊಡವೆ ಬಂತು, ಎರಡು ತಿಂಗಳು ಮುಟ್ಟಾಗಲಿಲ್ಲ ಅಂತ ತಾಯಂದಿರು ಗಾಬರಿಯಾಗಿ ಪ್ಯಾಕೇಜ್ ಮಾಡಿಸುತ್ತಾರೆ. ಮೈನೆರೆದ ಮೊದಲ ವರ್ಷ ಮುಟ್ಟು ಏರುಪೇರಾಗುವುದು ಸಹಜ. ಆಮೇಲೆ ಮೂರು ವರ್ಷ ತುಂಬುವವರೆಗೂ 45 ದಿನಕ್ಕೊಮ್ಮೆ ಆದರೂ ತಕರಾರಿಲ್ಲ. ಪದೇ ಪದೇ 45 ದಿನ ಮೀರುತ್ತಿದ್ದರೆ, ಅಥವಾ ಒಮ್ಮೆಯಾದರೂ 90 ದಿನ ದಾಟಿದರೆ ತೋರಿಸಿ. ಈ ವಯಸ್ಸಿನಲ್ಲಿ ಪಿಸಿಓಎಸ್ ಅನ್ನಲು ಮುಟ್ಟಿನ ಏರುಪೇರು ಮತ್ತು ಟೆಸ್ಟೋಸ್ಟೆರಾನ್ ಜಾಸ್ತಿ ಇರುವ ಗುರುತು, ಎರಡೂ ಇರಲೇಬೇಕು. ಮೈನೆರೆದು ಎಂಟು ವರ್ಷ ಆಗುವವರೆಗೆ ಸ್ಕ್ಯಾನಿಂಗಿನಲ್ಲಿ ನೀರುಗುಳ್ಳೆ ಕಂಡಿತು ಅನ್ನುವುದನ್ನು ಲೆಕ್ಕಕ್ಕೇ ತೆಗೆದುಕೊಳ್ಳಬಾರದು, ಆ ವಯಸ್ಸಿನ ಅಂಡಾಶಯ ಇರುವುದೇ ಹಾಗೆ. ಸದ್ಯಕ್ಕೆ ಅವಳ ಕೈಯಲ್ಲೇ ಒಂದು ಕ್ಯಾಲೆಂಡರ್ ಕೊಟ್ಟು ಮುಟ್ಟಾದ ತಾರೀಕಿಗೆ ಗುರುತು ಹಾಕಲು ಹೇಳಿ. ಮುಂದೆ ಡಾಕ್ಟರ್ ಹತ್ತಿರ ಹೋಗಬೇಕಾಗಿ ಬಂದರೆ ಅವರು ಮೊದಲು ಕೇಳುವುದು ಆ ತಾರೀಕುಗಳನ್ನೇ.